ಪ್ರಾಥಮಿಕ ಶಾಲೆಯ ತರಗತಿ ಕಲಿಕೆ ಮತ್ತು ಹೊರಸಂಚಾರ

ಪ್ರಾಥಮಿಕ ಶಾಲೆಯ ಪಾಠ ತರಗತಿಯ ಕೋಣೆಯೊಳಗೇ ಮುಗಿಯುವುದಿಲ್ಲ. ಪಾಠದ ಉದ್ದೇಶವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಕ್ಕಳನ್ನು ಕೆರೆ, ಹೊಲ, ಸಂತೆ, ಅಂಚೆ ಕಚೇರಿ, ವಸ್ತುಸಂಗ್ರಹಾಲಯ, ಸ್ಮಾರಕ, ಕಾಡುಗಳಿಗೆ ಕರೆದೊಯ್ಯುವ ಪದ್ಧತಿಗೆ ಇನ್ನೂರು ವರ್ಷಗಳಿಗೂ ಹೆಚ್ಚಿನ ಇತಿಹಾಸವಿದೆ. ಕರ್ನಾಟಕದ ಶಾಲೆಗಳಲ್ಲಿ ಇದನ್ನು ಹೊರಸಂಚಾರ, ಕ್ಷೇತ್ರ ಭೇಟಿ, ಶೈಕ್ಷಣಿಕ ಪ್ರವಾಸ ಎಂದು ಕರೆಯುತ್ತಾರೆ. ಮಕ್ಕಳ ಬಾಯಲ್ಲಿ ಅದು ‘ಟೂರು’. ಒಂದೇ ಪೀರಿಯಡ್‌ನಲ್ಲಿ ಮುಗಿಯುವ ಕೆರೆ ಏರಿಯ ನಡಿಗೆಯಿಂದ ಹಿಡಿದು ಎರಡು ಮೂರು ದಿನ ಬಸ್ಸಿನಲ್ಲಿ ಸುತ್ತುವ ಡಿಸೆಂಬರ್ ಪ್ರವಾಸದವರೆಗೆ ಎಲ್ಲವೂ ಇದರಲ್ಲಿ ಸೇರುತ್ತವೆ. ಇವುಗಳಲ್ಲಿ ಮಗುವಿಗೆ ಹೆಚ್ಚು ಕಲಿಸುವುದು ಯಾವುದು ಎಂಬುದು ಸವೆಸಿದ ದಾರಿಯ ಉದ್ದದಿಂದ ಗೊತ್ತಾಗುವುದಿಲ್ಲ. ಹೊರಡುವ ಮುನ್ನ ತರಗತಿಯಲ್ಲಿ ಏನು ನಡೆಯಿತು, ಬಂದ ಮೇಲೆ ಏನು ನಡೆಯಿತು ಎಂಬುದನ್ನು ನೋಡಿದರೆ ಗೊತ್ತಾಗುತ್ತದೆ.

ಹಿನ್ನೆಲೆ

ಮಕ್ಕಳಿಗೆ ಮಾತಿಗಿಂತ ಮೊದಲು ವಸ್ತುವನ್ನು ತೋರಿಸಬೇಕು ಎಂಬ ವಿಚಾರವನ್ನು ಯುರೋಪಿನಲ್ಲಿ ಗಟ್ಟಿಯಾಗಿ ಹೇಳಿದವರಲ್ಲಿ ಮೊರಾವಿಯದ ಕೊಮೇನಿಯಸ್ ಪ್ರಮುಖ. 1658ರಲ್ಲಿ ಪ್ರಕಟವಾದ ಅವನ ‘ಆರ್ಬಿಸ್ ಪಿಕ್ಟಸ್’ ಮಕ್ಕಳಿಗಾಗಿ ಬಂದ ಮೊದಲ ಸಚಿತ್ರ ಪಠ್ಯಪುಸ್ತಕಗಳಲ್ಲಿ ಒಂದು. ಚಿತ್ರದಿಂದಲೂ ಮುಂದೆ ಹೋಗಿ ಮಕ್ಕಳನ್ನು ವಸ್ತುವಿದ್ದಲ್ಲಿಗೇ ಕರೆದೊಯ್ದವನು ಸ್ವಿಟ್ಜರ್‌ಲೆಂಡಿನ ಪೆಸ್ಟಲೋಜಿ. ಇವರ್ಡಾನ್ ಪಟ್ಟಣದ ಕೋಟೆಯಲ್ಲಿ ಅವನು 1805ರಿಂದ 1825ರವರೆಗೆ ನಡೆಸಿದ ಶಾಲೆಯ ಭೂಗೋಳದ ಪಾಠವನ್ನು ಹಳೆಯ ವಿದ್ಯಾರ್ಥಿಯೊಬ್ಬ ವಿವರವಾಗಿ ಬರೆದಿಟ್ಟಿದ್ದಾನೆ. ಶಿಕ್ಷಕರು ಮಕ್ಕಳನ್ನು ಊರ ಪಕ್ಕದ ಬ್ಯುರಾನ್ ಹೊಳೆಯ ಕಣಿವೆಗೆ ಕರೆದೊಯ್ಯುತ್ತಿದ್ದರು. ಮೊದಲು ಇಡೀ ಕಣಿವೆಯನ್ನು, ಆಮೇಲೆ ಅದರ ಒಂದೊಂದು ಭಾಗವನ್ನೂ ನೋಡಿಸುತ್ತಿದ್ದರು. ಮಕ್ಕಳು ಅಲ್ಲಿನ ಜೇಡಿಮಣ್ಣನ್ನೇ ಅಗೆದು ಬುಟ್ಟಿಗೆ ತುಂಬಿಕೊಂಡು ಬಂದು, ಉದ್ದನೆಯ ಮೇಜಿನ ಮೇಲೆ ಅದೇ ಕಣಿವೆಯನ್ನು ಕಟ್ಟುತ್ತಿದ್ದರು. ಮರುದಿನ ಇನ್ನಷ್ಟು ದೂರದ ನಡಿಗೆ, ಮೇಜಿನ ಮೇಲೆ ಇನ್ನಷ್ಟು ಮಣ್ಣು. ಉಬ್ಬುತಗ್ಗೆಲ್ಲ ಮುಗಿದ ಮೇಲೆಯೇ ಅವರಿಗೆ ನಕ್ಷೆ ತೋರಿಸುತ್ತಿದ್ದದ್ದು. ಅಷ್ಟು ಹೊತ್ತಿಗೆ ನಕ್ಷೆಯ ಗೆರೆಗಳನ್ನು ಓದುವುದು ಅವರಿಗೆ ತಾನಾಗಿಯೇ ಬಂದಿರುತ್ತಿತ್ತು. ಹೊರಗೆ ನೋಡುವುದು, ಒಳಗೆ ಬಂದು ಕಟ್ಟುವುದು, ಮತ್ತೆ ಹೊರಗೆ ಹೋಗಿ ತಾಳೆ ನೋಡುವುದು ಎಂಬ ಈ ಸರಣಿ ಇಂದಿನ ಒಳ್ಳೆಯ ಹೊರಸಂಚಾರಗಳಲ್ಲೂ ಬದಲಾಗಿಲ್ಲ.

ಅಮೆರಿಕದ ಜಾನ್ ಡ್ಯೂಯಿ 1896ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ತೆರೆದ ಪ್ರಯೋಗ ಶಾಲೆಯಲ್ಲಿ ಹೊರಗಿನ ಲೋಕವೇ ತರಗತಿಯೊಳಕ್ಕೆ ಬಂತು. ಅಲ್ಲಿನ ಮಕ್ಕಳ ಕೈಗೆ ಹತ್ತಿಕಾಯಿ ಮತ್ತು ಉಣ್ಣೆ ಕೊಡಲಾಗಿತ್ತು. ಒಂದು ಗುಂಪು ಅರ್ಧ ಗಂಟೆ ಕೂತು ಹತ್ತಿಯಿಂದ ಬೀಜ ಬಿಡಿಸಿದರೂ ಒಂದು ಔನ್ಸಿನಷ್ಟೂ ಹತ್ತಿ ಸಿಗಲಿಲ್ಲ. ಹತ್ತಿಯ ಬಟ್ಟೆ ಉಣ್ಣೆಗಿಂತ ತಡವಾಗಿ ಬೆಳೆದದ್ದೇಕೆ, ಬೀಜ ಬಿಡಿಸುವ ಯಂತ್ರ ಬಂದಾಗ ಅಷ್ಟೊಂದು ಬದಲಾವಣೆ ಆದದ್ದೇಕೆ ಎಂಬುದನ್ನು ಆ ಮಕ್ಕಳು ನೋಯುವ ಬೆರಳುಗಳಿಂದಲೇ ಕಲಿತರು. ಹತ್ತಿ ಬೆಳೆಯುವ ಹಾವೇರಿ, ಧಾರವಾಡ, ರಾಯಚೂರು ಸೀಮೆಗಳ ಶಾಲೆಗಳಿಗೆ ಈ ಪಾಠ ಇಂದಿಗೂ ಬೇಲಿಯಾಚೆಯೇ ಸಿಗುತ್ತದೆ.

ಜಪಾನಿನಲ್ಲಿ ಶಾಲಾ ಪ್ರವಾಸಕ್ಕೆ ದೊಡ್ಡ ಪರಂಪರೆಯೇ ಇದೆ. 1886ರಲ್ಲಿ ಟೋಕಿಯೊ ನಾರ್ಮಲ್ ಶಾಲೆಯ ವಿದ್ಯಾರ್ಥಿಗಳು ಚಿಬಾ ಸೀಮೆಗೆ ಕೈಗೊಂಡ ದೀರ್ಘ ಕಾಲ್ನಡಿಗೆಯನ್ನು ಅದರ ಮೊದಲು ಎಂದು ಗುರುತಿಸುತ್ತಾರೆ. ಇಂದು ಪ್ರಾಥಮಿಕ ಶಾಲೆಯ ಕೊನೆಯ ವರ್ಷದ ಪ್ರವಾಸ ಅಲ್ಲಿನ ಪ್ರತಿ ಮಗುವಿನ ಬಾಲ್ಯದ ಭಾಗ. ತೆತ್ಸುಕೊ ಕುರೊಯಾನಗಿ 1981ರಲ್ಲಿ ಬರೆದ ‘ತೊತ್ತೋಚಾನ್’ ಕನ್ನಡದ ಶಿಕ್ಷಕರಿಗೂ ಆಪ್ತವಾದ ಪುಸ್ತಕ. ಅದರಲ್ಲಿ ಬರುವ ತೊಮೊಎ ಶಾಲೆಯ ತರಗತಿಗಳು ನಡೆಯುತ್ತಿದ್ದದ್ದು ರೈಲು ಬೋಗಿಗಳಲ್ಲಿ. ಬೆಳಗಿನ ಪಾಠ ಮುಗಿಸಿದ ಮಕ್ಕಳಿಗೆ ಮಧ್ಯಾಹ್ನ ಊರ ಸುತ್ತಲಿನ ನಡಿಗೆಯಿರುತ್ತಿತ್ತು. ದಾರಿಯಲ್ಲಿ ಕಂಡ ಹೂವು, ಚಿಟ್ಟೆ, ಹಳೆಯ ಗುಡಿ ಎಲ್ಲವೂ ಪಾಠವೇ. 1945ರ ಬಾಂಬ್ ದಾಳಿಯಲ್ಲಿ ಆ ಶಾಲೆ ಸುಟ್ಟುಹೋಯಿತು.

ಭಾರತದಲ್ಲಿ ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಮರದಡಿಯ ಶಾಲೆ ಆರಂಭಿಸಿದರು. ಗಾಂಧೀಜಿ 1937ರ ವಾರ್ಧಾ ಸಮ್ಮೇಳನದಲ್ಲಿ ಕಸುಬಿನ ಮೂಲಕ ಕಲಿಕೆಯ ‘ನಯೀ ತಾಲೀಮ್’ ವಿಚಾರ ಮುಂದಿಟ್ಟರು. ಅದೇ ಹೊತ್ತಿಗೆ ಕನ್ನಡ ನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದರು. ಆಟ, ನಾಟಕ, ಸುತ್ತಲಿನ ಗಿಡಮರ ಹಕ್ಕಿಗಳ ವೀಕ್ಷಣೆಗೆ ಅದರಲ್ಲಿ ಪುಸ್ತಕದಷ್ಟೇ ಜಾಗವಿತ್ತು. 1936ರಲ್ಲಿ ಅವರು ಒಬ್ಬರೇ ಕೂತು ಹೊರತಂದ ಮೂರು ಸಂಪುಟಗಳ ‘ಬಾಲಪ್ರಪಂಚ’ ಕನ್ನಡದ ಮಕ್ಕಳಿಗೆ ಸಿಕ್ಕ ಮೊದಲ ದೊಡ್ಡ ಜ್ಞಾನಕೋಶ. ಪುಸ್ತಕ ಬರೆಯುವುದು, ಮಕ್ಕಳ ಜೊತೆ ಅಲೆಯುವುದು ಅವರಿಗೆ ಬೇರೆ ಬೇರೆ ಕೆಲಸಗಳಾಗಿರಲಿಲ್ಲ.

ಸ್ವಾತಂತ್ರ್ಯಾನಂತರ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಿಂದ ಶುರುವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ದೇಶದ ಗಮನ ಸೆಳೆಯಿತು. 6ರಿಂದ 8ನೇ ತರಗತಿಯ ಹಳ್ಳಿ ಮಕ್ಕಳು ಪ್ರಯೋಗ ಮಾಡಿ, ಹೊಲಗದ್ದೆ ಸುತ್ತಿ, ಕಂಡದ್ದನ್ನು ಬರೆದು ವಿಜ್ಞಾನ ಕಲಿತರು. ಪರೀಕ್ಷೆಗೆ ಪುಸ್ತಕ ತೆಗೆದುಕೊಂಡು ಹೋಗಲು ಅವಕಾಶವಿತ್ತು. ಸರ್ಕಾರ 2002ರಲ್ಲಿ ಅದನ್ನು ನಿಲ್ಲಿಸಿತು. ಮೂವತ್ತು ವರ್ಷ ನಡೆದ ಕಾರ್ಯಕ್ರಮವೊಂದು ಹೀಗೆ ಕೊನೆಗೊಂಡದ್ದು ಭಾರತದ ಶಾಲಾ ಶಿಕ್ಷಣಕ್ಕಾದ ನಷ್ಟ.

ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದಾಗ ಮಕ್ಕಳ ಬೆನ್ನಿನ ಮೇಲಿನ ಪುಸ್ತಕದ ಹೊರೆಯ ಬಗ್ಗೆ ಮನಕಲಕುವಂತೆ ಮಾತಾಡಿದ್ದರು. ಆ ಕಳಕಳಿಯ ಮುಂದುವರಿಕೆಯಾಗಿ ನೇಮಕವಾದ ಯಶಪಾಲ್ ಸಮಿತಿ 1993ರಲ್ಲಿ ಹೊರೆಯಿಲ್ಲದ ಕಲಿಕೆಯ ಕುರಿತು ವರದಿ ಕೊಟ್ಟಿತು. ಮಗುವಿಗೆ ಅರ್ಥವಾಗದ್ದೇ ನಿಜವಾದ ಹೊರೆ ಎಂಬುದು ಅದರ ತಿರುಳು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಐದು ಮಾರ್ಗದರ್ಶಿ ತತ್ವಗಳಲ್ಲಿ ಮೊದಲನೆಯದೇ ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಬೆಸೆಯಬೇಕು ಎಂಬುದು. ಚಟುವಟಿಕೆ, ಅನ್ವೇಷಣೆಗಳ ಮೂಲಕ ಕಲಿಕೆ ನಡೆಯಬೇಕು ಎಂಬ ಮಾತು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೂ ಸೇರಿತು.

ತರಗತಿಯ ಒಳಗೆ: ನಲಿಕಲಿ

ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಯ ಚಹರೆಯನ್ನೇ ಬದಲಿಸಿದ್ದು ನಲಿಕಲಿ ಎಂಬ ಕಲಿಕಾ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರ ಒಂದು ತಂಡ ಆಂಧ್ರದ ಮದನಪಲ್ಲಿಯ ಬಳಿಯಿರುವ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದಿತು. ಅಲ್ಲಿ ಕಂಡದ್ದನ್ನು ತಮ್ಮ ಕಾಡಂಚಿನ ಶಾಲೆಗಳಿಗೆ ಹೊಂದಿಸಿಕೊಂಡು, ಯುನಿಸೆಫ್ ನೆರವಿನಿಂದ ಅವರೇ ಕಲಿಕೆಯ ಕಾರ್ಡುಗಳನ್ನು ಬರೆದರು. ಶಿಕ್ಷಕರೇ ನೋಡಿ, ಶಿಕ್ಷಕರೇ ಕಟ್ಟಿದ ಪದ್ಧತಿ ಇದು. ಇಷ್ಟು ದೊಡ್ಡ ಸುಧಾರಣೆಯೊಂದು ಶಿಕ್ಷಕರದೇ ಒಂದು ಕ್ಷೇತ್ರ ಭೇಟಿಯಿಂದ ಹುಟ್ಟಿತು ಎಂಬುದು ನೆನಪಿಡಬೇಕಾದ ಸಂಗತಿ. 2009-10ರಲ್ಲಿ ಇದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ 1 ಮತ್ತು 2ನೇ ತರಗತಿಗೆ, ಮರುವರ್ಷ 3ನೇ ತರಗತಿಗೆ ಬಂತು.

ನಲಿಕಲಿ ಕೊಠಡಿಯಲ್ಲಿ ಬೆಂಚುಗಳ ಸಾಲಿಲ್ಲ. ಮೂರು ತರಗತಿಯ ಮಕ್ಕಳೂ ಒಟ್ಟಿಗೆ, ದುಂಡಗೆ ಗುಂಪುಗಳಾಗಿ ನೆಲದ ಮೇಲೆ ಕೂರುತ್ತಾರೆ. ಪ್ರತಿ ಗುಂಪಿಗೂ ‘ತಟ್ಟೆ’ ಎಂದು ಹೆಸರು. ಒಂದರಲ್ಲಿ ಶಿಕ್ಷಕರು ಪೂರ್ತಿ ಜೊತೆಗಿದ್ದು ಕಲಿಸುತ್ತಾರೆ, ಇನ್ನೊಂದರಲ್ಲಿ ಆಗಾಗ ನೋಡಿಕೊಳ್ಳುತ್ತಾರೆ. ಗೆಳೆಯರ ನೆರವಿನಿಂದ ಕಲಿಯುವ ತಟ್ಟೆಗಳಿವೆ. ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಗೋಡೆಯ ಮೇಲಿನ ಕಲಿಕಾ ಏಣಿ ನೋಡಿ ಮಗು ತಾನು ಯಾವ ಮೈಲುಗಲ್ಲಿನಲ್ಲಿದ್ದೇನೆ, ಮುಂದಿನ ಕಾರ್ಡು ಯಾವುದು ಎಂದು ಹುಡುಕಿಕೊಳ್ಳುತ್ತದೆ. ಕಾರ್ಡಿನಲ್ಲಿರುವ ಪ್ರಾಣಿಯದೋ ಹಕ್ಕಿಯದೋ ಪುಟ್ಟ ಲಾಂಛನವೇ ಅದಕ್ಕೆ ಗುರುತು. ನೆಲದಿಂದ ಕೈಗೆಟಕುವ ಎತ್ತರದಲ್ಲಿ ಗೋಡೆಗೆ ಕಪ್ಪು ಬಳಿದ ಗೋಡೆಹಲಗೆಯಲ್ಲಿ ಪ್ರತಿ ಮಗುವಿಗೂ ಬರೆಯಲು ಒಂದಿಷ್ಟು ಜಾಗ. ತಲೆಯ ಮೇಲೆ ದಾರದ ಚಪ್ಪರ, ಅದರಲ್ಲಿ ಮಕ್ಕಳು ಬರೆದ ಚಿತ್ರಗಳು. ಹವಾಮಾನ ನಕ್ಷೆಯಲ್ಲಿ ಇಂದು ಬಿಸಿಲೋ ಮೋಡವೋ ಮಳೆಯೋ ಎಂದು ಗುರುತು ಹಾಕಲು ಮಗು ಬಾಗಿಲಾಚೆ ಹೋಗಿ ಆಕಾಶ ನೋಡಿ ಬರಬೇಕು.

ಅಕ್ಷರ ಕಲಿಸುವ ಕ್ರಮದಲ್ಲಿ ನಲಿಕಲಿ ತೋರಿದ ಧೈರ್ಯ ದೊಡ್ಡದು. ಅ, ಆ, ಇ, ಈ ಎಂದು ವರ್ಣಮಾಲೆಯ ಸಾಲು ಹಿಡಿಯದೆ ಅದು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಹೊರಟಿತು. ಬರೆಯಲು ಸುಲಭವಾದ, ಆಕಾರ ಹೋಲುವ ಈ ಐದು ಬಂದರೆ ಸಾಕು, ಮಗು ಸರ, ದರ, ಅರಸ, ಗರಗಸ ಎಂದು ಓದತೊಡಗುತ್ತದೆ. ಐವತ್ತು ಅಕ್ಷರ ಮುಗಿಯಲಿ ಎಂದು ಕಾಯಬೇಕಿಲ್ಲ. ಶಾಲೆಗೆ ಬಂದ ಕೆಲವೇ ವಾರಗಳಲ್ಲಿ ಬಸ್ಸಿನ ಬೋರ್ಡಿನಲ್ಲಿ, ಅಂಗಡಿಯ ಫಲಕದಲ್ಲಿ ತನಗೆ ಗೊತ್ತಿರುವ ‘ಸ’ ಮತ್ತು ‘ರ’ವನ್ನು ಹುಡುಕಿ ಬೆರಳಿಟ್ಟು ತೋರಿಸುವ ಮಗುವಿಗೆ ಊರಿನ ಬೀದಿಯೂ ಓದುವ ಪುಸ್ತಕವಾಗಿರುತ್ತದೆ.

ಈ ಪದ್ಧತಿಯ ಕಷ್ಟಗಳೂ ನಿಜವೇ. ಕಾರ್ಡು ಹರಿದರೆ, ಕಳೆದುಹೋದರೆ ಏಣಿಯ ಮೆಟ್ಟಿಲೇ ಮುರಿದಂತೆ. ಒಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಬಿಸಿಯೂಟದ ಲೆಕ್ಕ, ಇಲಾಖೆಯ ಮಾಹಿತಿ, ಐದು ತಟ್ಟೆ ಎಲ್ಲವನ್ನೂ ನಿಭಾಯಿಸುವುದು ಬಹಳ ಕಷ್ಟ. 4ನೇ ತರಗತಿಗೆ ಬಂದ ಕೂಡಲೇ ಮಕ್ಕಳು ಮತ್ತೆ ಪಠ್ಯಪುಸ್ತಕ ಮತ್ತು ಸಾಲು ಬೆಂಚಿಗೆ ಮರಳುತ್ತಾರೆ. ಆ ತಿರುವಿನಲ್ಲಿ ಎಡವುವ ಮಕ್ಕಳು ಕಡಿಮೆಯೇನಿಲ್ಲ.

ಬೇಲಿಯಾಚೆಯ ಪಾಠ

1ರಿಂದ 5ನೇ ತರಗತಿಯವರೆಗೆ ವಿಜ್ಞಾನ, ಸಮಾಜ ಎಂದು ಬೇರೆ ಮಾಡದೆ ಪರಿಸರ ಅಧ್ಯಯನ ಎಂಬ ಒಂದೇ ವಿಷಯವಿದೆ. ಮನೆ, ನೀರು, ಆಹಾರ, ಸಾರಿಗೆ, ಕಸುಬು, ಗಿಡ, ಪ್ರಾಣಿ ಎಲ್ಲವೂ ಇದರ ಪಾಠಗಳು. ಹೊರಸಂಚಾರಕ್ಕೆ ಇದಕ್ಕಿಂತ ಒಗ್ಗುವ ವಿಷಯವಿಲ್ಲ. ಆದರೆ ಅನುಭವಿ ಶಿಕ್ಷಕರು ಗಣಿತಕ್ಕೂ ಹೊರಗೆ ಹೋಗುತ್ತಾರೆ, ಮತ್ತು ಅವರು ಮೊದಲು ಆರಿಸಿಕೊಳ್ಳುವ ಜಾಗ ವಾರದ ಸಂತೆ.

ಸಂತೆಯಲ್ಲಿ ಅಳತೆಯ ಪಾಠ ಇಡಿಯಾಗಿ ಸಿಗುತ್ತದೆ. ಪುಸ್ತಕದಲ್ಲಿರುವುದು ಮೀಟರು, ಕಿಲೋ, ಲೀಟರು. ಸಂತೆಯಲ್ಲಿ ಹೂವು ಮೊಳದಲ್ಲಿ, ಮಂಡಕ್ಕಿ ಸೇರಿನಲ್ಲಿ, ಕೊತ್ತಂಬರಿ ಕಟ್ಟಿನಲ್ಲಿ, ನಿಂಬೆಹಣ್ಣು ಎಣಿಕೆಯಲ್ಲಿ, ಈರುಳ್ಳಿ ಕಿಲೋದಲ್ಲಿ. ಹೂವಿನಾಕೆ ಮೊಳಕೈಯಿಂದ ಬೆರಳ ತುದಿಯವರೆಗೆ ಮಾಲೆ ಹಿಡಿದು ಅಳೆಯುವುದನ್ನು ನೋಡಿದ 4ನೇ ತರಗತಿಯ ಮಕ್ಕಳು ಅದೇ ಮಾಲೆಯನ್ನು ತಮ್ಮ ಕೈಯಿಂದ ಅಳೆದರೆ ಒಂದು ಮೊಳವೆಂದು ಕೊಂಡದ್ದು ಒಂದೂಕಾಲಾಗಬಹುದು. ಹಾಗಾದರೆ ಯಾರ ಮೊಳ ಸರಿ? ಎಲ್ಲರಿಗೂ ಒಂದೇ ಅಳತೆ ಏಕೆ ಬೇಕು ಎಂಬ ಪ್ರಶ್ನೆ ಮಕ್ಕಳ ಬಾಯಿಂದಲೇ ಬರುವ ಗಳಿಗೆ ಅದು. ಭಾರತದಲ್ಲಿ 1956ರಲ್ಲಿ ಕಾನೂನು ಮಾಡಿ ಮೆಟ್ರಿಕ್ ಪದ್ಧತಿ ತಂದದ್ದೇಕೆ ಎಂದು ಶಿಕ್ಷಕರು ಆಮೇಲೆ ಹೇಳಿದರೆ ಅದು ತಲೆಗೆ ಹೋಗುತ್ತದೆ. ಕಬ್ಬಿಣದ ತೂಕದ ಕಲ್ಲನ್ನು ತಿರುವಿ ಹಾಕಿ, ತಳದ ಗುಳಿಯಲ್ಲಿ ತುಂಬಿದ ಸೀಸದ ಮೇಲೆ ಅಳತೆ ಮತ್ತು ತೂಕದ ಇಲಾಖೆಯವರು ಒತ್ತಿದ ಮುದ್ರೆ ತೋರಿಸಿದರಂತೂ ಮಕ್ಕಳು ಮುಂದಿನ ಅಂಗಡಿಗಳಲ್ಲೆಲ್ಲ ಕಲ್ಲು ತಿರುವಿ ನೋಡಲು ಹೊರಡುತ್ತಾರೆ.

ಮರಳಿ ಶಾಲೆಗೆ ಬಂದ ಮೇಲೆ ಅಂಗಳದಲ್ಲೇ ‘ಮಕ್ಕಳ ಸಂತೆ’ ಅಥವಾ ‘ಮೆಟ್ರಿಕ್ ಮೇಳ’ ನಡೆಸುವುದು ಕರ್ನಾಟಕದ ಸರ್ಕಾರಿ ಶಾಲೆಗಳ ಸುಂದರ ರೂಢಿ. ಮನೆಯಲ್ಲಿ ಬೆಳೆದ ಸೊಪ್ಪು, ನುಗ್ಗೆಕಾಯಿ, ಅವ್ವ ಮಾಡಿಕೊಟ್ಟ ಚಕ್ಕುಲಿ, ಕಡಲೆಕಾಯಿ ಇಟ್ಟುಕೊಂಡು ಮಕ್ಕಳು ಕೂರುತ್ತಾರೆ. ಗಿರಾಕಿಗಳಾಗಿ ಊರವರೇ ಬರುತ್ತಾರೆ. ಕಾಲು ಕಿಲೋ ಅಂದರೆ 250 ಗ್ರಾಂ ಎಂದು ಹಲಗೆಯ ಮೇಲೆ ತಡವರಿಸುತ್ತಿದ್ದ ಮಗು, ಗಿರಾಕಿ ಐವತ್ತರ ನೋಟು ಕೊಟ್ಟಾಗ ಚಿಲ್ಲರೆ ಲೆಕ್ಕ ಹಾಕಿ ಎಣಿಸಿ ಕೊಡುತ್ತದೆ. ‘ಕಡಿಮೆ ಮಾಡಿಕೊಡೋ ಮರಿ’ ಎಂದು ಚೌಕಾಸಿಗೆ ನಿಂತ ಅಜ್ಜನಿಗೆ ‘ಆಗಲ್ಲ ತಾತ, ಅಸಲೇ ಇಷ್ಟಾಗಿದೆ’ ಎನ್ನುವ ಮಗುವಿಗೆ ಲಾಭ ನಷ್ಟದ ಪಾಠ ಮತ್ತೆ ಮಾಡಬೇಕಾಗಿಲ್ಲ.

ಅಂಚೆ ಕಚೇರಿ ಇನ್ನೊಂದು ಅಗ್ಗದ, ಹತ್ತಿರದ ಜಾಗ. ಪ್ರತಿ ಮಗುವೂ 50 ಪೈಸೆಯ ಕಾರ್ಡಿನಲ್ಲಿ ತನ್ನ ಮನೆಗೇ ಪತ್ರ ಬರೆದು ಡಬ್ಬಿಗೆ ಹಾಕುತ್ತದೆ. ಒಳಗೆ ಅಂಚೆಯವರು ಮೊಹರು ಒತ್ತಿ ವಿಂಗಡಿಸುವುದನ್ನು ನೋಡುತ್ತದೆ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಆರಂಕಿಯ ಪಿನ್‌ಕೋಡಿನಲ್ಲಿ ಕರ್ನಾಟಕದ ಸಂಖ್ಯೆಗಳೆಲ್ಲ 56ರಿಂದ 59ರೊಳಗೆ ಆರಂಭವಾಗುತ್ತವೆ. ಬೆಂಗಳೂರಿನ ಚಿಕ್ಕಮ್ಮನ ಮನೆ, ಬೆಳಗಾವಿಯ ಮಾವನ ಮನೆಯ ಪಿನ್‌ಕೋಡುಗಳನ್ನು ನಕ್ಷೆಯ ಮೇಲೆ ಬರೆದರೆ ಸ್ಥಾನಬೆಲೆಯ ಗಣಿತ, ರಾಜ್ಯದ ಭೂಗೋಳ ಎರಡೂ ಒಂದೇ ಹಾಳೆಯಲ್ಲಿ ಕೂಡುತ್ತವೆ. ಎರಡು ಮೂರು ದಿನ ಕಳೆದು ತಾನು ಬರೆದ ಕಾರ್ಡು ಮನೆ ಬಾಗಿಲಿಗೆ ಬಂದಾಗ ಆ ಪಾಠ ಮುಗಿಯುತ್ತದೆ.

ಕೆಲವು ಪಾಠಗಳಿಗೆ ಒಂದು ಭೇಟಿ ಸಾಲದು. ಶಾಲೆಯ ಅಂಗಳದ ಹೊಂಗೆ ಮರವನ್ನು ವಾರಕ್ಕೊಮ್ಮೆ ನೋಡಿ, ಚಿಗುರು, ಹೂವು, ಕಾಯಿ ಎಷ್ಟಿವೆ ಎಂದು ವರ್ಷವಿಡೀ ಬರೆದಿಟ್ಟರೆ ಮಾತ್ರ ಋತುಮಾನ ಅರ್ಥವಾಗುತ್ತದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಡೆಸುವ ‘ಸೀಸನ್‌ವಾಚ್’ ಇದನ್ನೇ ಮಾಡಿಸುತ್ತದೆ. ಕೇರಳದ ಶಾಲಾ ಮಕ್ಕಳು ಇದರಲ್ಲಿ ದೊಡ್ಡ ಸಂಖ್ಯೆಯಲ್ಲಿ ತೊಡಗಿದ್ದಾರೆ. ಮಕ್ಕಳು ಬರೆದ ಈ ಲೆಕ್ಕ ಹವಾಮಾನ ಬದಲಾವಣೆಯ ಅಧ್ಯಯನಕ್ಕೆ ಮಾಹಿತಿಯಾಗುತ್ತದೆ.

ಹೋಗಬಹುದಾದ ಸ್ಥಳಗಳಿಗೆ ಕರ್ನಾಟಕದಲ್ಲಿ ಬರವಿಲ್ಲ. ಬೆಂಗಳೂರಿನ ಲಾಲ್‌ಬಾಗ್ ಅನ್ನು ಹೂವಿನ ಪ್ರದರ್ಶನಕ್ಕೇ ನೋಡುವವರು ಹೆಚ್ಚು. ಆದರೆ ಅದರೊಳಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಕ್ಕಳು ಅದರ ಮೇಲೆ ಕೂತು ಬೂದು, ಬಿಳಿ ಪಟ್ಟೆಗಳನ್ನು ಬೆರಳಿನಿಂದ ಸವರಬಹುದು. 1962ರಲ್ಲಿ ನೆಹರೂ ಉದ್ಘಾಟಿಸಿದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ರೈಟ್ ಸೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿಯಿದೆ. ಮೈಸೂರಿನಲ್ಲಿ 1892ರಲ್ಲಿ ಸ್ಥಾಪನೆಯಾದ ಮೃಗಾಲಯ, 1979ರ ರೈಲು ವಸ್ತುಸಂಗ್ರಹಾಲಯ, ಪ್ರಾಕೃತಿಕ ಇತಿಹಾಸ ಸಂಗ್ರಹಾಲಯ ಒಂದೇ ಊರಿನಲ್ಲಿವೆ. ಮಂಗಳೂರಿನ ಪಿಲಿಕುಳ, ರಾಮನಗರದ ಜಾನಪದ ಲೋಕ, ವಿಶ್ವ ಪರಂಪರೆಯ ಹಂಪಿ, ಪಟ್ಟದಕಲ್ಲು ಯಾವ ಶಾಲೆಗೂ ಗೊತ್ತಿರುವ ಹೆಸರುಗಳೇ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ವಿಶೇಷವಾಗಿ ಹೇಳಬೇಕು: ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೇ ಗೂಡು ಕಟ್ಟುತ್ತವೆ, ಊರವರು ಅವನ್ನು ಮನೆ ಮಕ್ಕಳಂತೆ ಕಾಯುತ್ತಾರೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಪಕ್ಷಿಧಾಮದಲ್ಲಿ ಹಕ್ಕಿ ನೋಡುವುದಕ್ಕೂ ಹಕ್ಕಿಯ ಜೊತೆ ಬದುಕುವ ಜನರನ್ನು ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ.

ಶಾಲೆಗೆ ಅತಿ ಹತ್ತಿರದ ಕ್ಷೇತ್ರ ಊರೇ. ಭಾರತ ಜ್ಞಾನ ವಿಜ್ಞಾನ ಸಮಿತಿಯ ಮಕ್ಕಳ ವಿಜ್ಞಾನ ಹಬ್ಬಗಳಲ್ಲಿ ರೂಪುಗೊಂಡ ‘ಊರು ತಿಳಿಯೋಣ’ ಎಂಬ ಚಟುವಟಿಕೆ 2023ರ ಕಲಿಕಾ ಹಬ್ಬದ ಮೂಲಕ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿತು. ಮಕ್ಕಳು ಗುಂಪಾಗಿ ಊರು ಸುತ್ತಿ ಬಾವಿ, ಬೋರ್‌ವೆಲ್, ಗುಡಿ, ಮಸೀದಿ, ಅಂಗನವಾಡಿ, ಹಳೆಯ ಮರ, ವೀರಗಲ್ಲು ಎಲ್ಲವನ್ನೂ ಗುರುತಿಸಿ ನಕ್ಷೆ ಬರೆಯುತ್ತಾರೆ. ಹಿರಿಯರನ್ನು ಕೂರಿಸಿಕೊಂಡು ಊರಿಗೆ ಆ ಹೆಸರು ಏಕೆ ಬಂತು, ಕರೆಂಟ್ ಯಾವಾಗ ಬಂತು, ಬತ್ತಿದ ಕೆರೆಯಲ್ಲಿ ಮೊದಲು ಎಷ್ಟು ನೀರಿತ್ತು ಎಂದು ಕೇಳುತ್ತಾರೆ. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರ ಆಗಸ್ಟ್‌ನಲ್ಲಿ ಶುರುವಾದ ‘ವಿದ್ಯಾಗಮ’ದಲ್ಲಿ ಶಿಕ್ಷಕರೇ ಊರೊಳಗೆ ಬಂದು ಗುಡಿಯ ಜಗಲಿ, ಅರಳಿಕಟ್ಟೆ, ವಠಾರಗಳಲ್ಲಿ ಪಾಠ ಮಾಡಿದ್ದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಆದರೆ ತಮ್ಮ ಮಕ್ಕಳ ಮನೆಗಳನ್ನು, ಓಣಿಗಳನ್ನು ಆ ತಿಂಗಳುಗಳಲ್ಲಿ ಮೊದಲ ಬಾರಿ ಕಂಡ ಶಿಕ್ಷಕರಿದ್ದಾರೆ.

ಸಂಶೋಧನೆ ತೋರಿಸಿದ್ದು

ಹೊರಸಂಚಾರದಿಂದ ಮಕ್ಕಳಿಗೆ ನಿಜವಾಗಿ ಏನು ಸಿಗುತ್ತದೆ ಎಂಬುದನ್ನು ಅಳೆಯುವುದು ಸುಲಭವಲ್ಲ. ಅಮೆರಿಕದ ಆರ್ಕನ್ಸಾಸ್ ರಾಜ್ಯದ ಬೆಂಟನ್‌ವಿಲ್ ಪಟ್ಟಣದಲ್ಲಿ 2011ರಲ್ಲಿ ತೆರೆದ ಕ್ರಿಸ್ಟಲ್ ಬ್ರಿಜಸ್ ಕಲಾ ಸಂಗ್ರಹಾಲಯ ಅದಕ್ಕೊಂದು ಅಪರೂಪದ ಅವಕಾಶ ಒದಗಿಸಿತು. ಉಚಿತ ಭೇಟಿಗಾಗಿ 525 ಶಾಲಾ ಗುಂಪುಗಳು ಅರ್ಜಿ ಹಾಕಿದವು. ಎಲ್ಲರನ್ನೂ ಒಟ್ಟಿಗೆ ಕರೆಯಲಾಗದ ಕಾರಣ ಚೀಟಿ ಎತ್ತಿ, ಕೆಲವು ಗುಂಪುಗಳನ್ನು ಮೊದಲು, ಕೆಲವನ್ನು ಆಮೇಲೆ ಕರೆಯಲಾಯಿತು. ಜೇ ಗ್ರೀನ್ ಮತ್ತು ಸಂಗಡಿಗರು 123 ಶಾಲೆಗಳ 10,912 ವಿದ್ಯಾರ್ಥಿಗಳನ್ನು ಪ್ರಶ್ನಿಸಿ, ಹೋಗಿಬಂದವರನ್ನೂ ಇನ್ನೂ ಹೋಗದವರನ್ನೂ ಹೋಲಿಸಿದರು. ಸಂಗ್ರಹಾಲಯದ ಒಂದು ಚಿತ್ರದಲ್ಲಿ ಜನ ಮೇಪಲ್ ಮರದ ರಸ ಕಾಯಿಸುತ್ತಿದ್ದಾರೆ. ಗುಲಾಮರ ದುಡಿಮೆಯಿಂದ ಬರುವ ಸಕ್ಕರೆಗೆ ಬದಲಿ ಒದಗಿಸಲು ಗುಲಾಮಗಿರಿಯ ವಿರೋಧಿಗಳು ಹಾಗೆ ಮಾಡುತ್ತಿದ್ದರು. ಈ ಚಿತ್ರ ನೋಡಿದವರಲ್ಲಿ ಶೇಕಡಾ 88 ಮಂದಿಗೆ ವಾರಗಳ ನಂತರವೂ ಆ ಸಂಗತಿ ನೆನಪಿತ್ತು. ಹಿಂದೆಂದೂ ನೋಡಿರದ ಚಿತ್ರವೊಂದರ ಬಗ್ಗೆ ಬರೆಯಲು ಹೇಳಿದಾಗಲೂ ಹೋಗಿಬಂದವರು ಹೆಚ್ಚು ಸೂಕ್ಷ್ಮವಾಗಿ ಬರೆದರು. ಈ ಲಾಭ ಹಳ್ಳಿಯ ಮತ್ತು ಬಡ ಮಕ್ಕಳಲ್ಲಿ ಎಲ್ಲರಿಗಿಂತ ಹೆಚ್ಚಾಗಿತ್ತು.

ಜಾನ್ ಫಾಕ್ ಮತ್ತು ಲಿನ್ ಡೀರ್ಕಿಂಗ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 128 ಮಂದಿಯನ್ನು ಅವರ ಪ್ರಾಥಮಿಕ ಶಾಲೆಯ ಹೊರಸಂಚಾರದ ಬಗ್ಗೆ ಕೇಳಲಾಯಿತು. ಮಕ್ಕಳೂ ವಯಸ್ಕರೂ ಇದ್ದ ಆ ಗುಂಪಿನ ಶೇಕಡಾ 96 ಮಂದಿ ಒಂದಾದರೂ ಭೇಟಿಯನ್ನು ನೆನಪಿಸಿಕೊಂಡರು.

ಸಂಶೋಧನೆ ಒಂದು ಎಚ್ಚರಿಕೆಯನ್ನೂ ಕೊಟ್ಟಿದೆ. ಜಾಗ ತೀರಾ ಹೊಸತಾದರೆ ಮಕ್ಕಳ ಗಮನವೆಲ್ಲ ಜಾಗದ ಮೇಲೇ ಹರಿದು, ಕಲಿಯಬೇಕಾದ್ದು ಪಕ್ಕಕ್ಕೆ ಸರಿಯುತ್ತದೆ ಎಂದು ಫಾಕ್ ಮತ್ತು ಸಂಗಡಿಗರು 1978ರಲ್ಲೇ ತೋರಿಸಿದ್ದರು. ಇಸ್ರೇಲಿನ ನಿರ್ ಓರಿಯನ್ ಮತ್ತು ಅವಿ ಹಾಫ್‌ಸ್ಟೈನ್ 1994ರಲ್ಲಿ ಇದಕ್ಕೆ ಪರಿಹಾರ ಸೂಚಿಸಿದರು. ವಿಷಯ ಹೊಸತು, ಸ್ಥಳ ಹೊಸತು, ಅಂದು ಏನಾಗುತ್ತದೋ ಎಂಬ ಮನಸ್ಸಿನ ಗಾಬರಿಯೂ ಹೊಸತು; ಈ ಮೂರನ್ನೂ ತರಗತಿಯಲ್ಲೇ ಆದಷ್ಟು ಕಡಿಮೆ ಮಾಡಿಕೊಂಡು ಹೊರಡಬೇಕು. ಹಂಪಿಗೆ ಹೋಗುವ ಮುನ್ನ ಚಿತ್ರ ತೋರಿಸಿ, ನಕ್ಷೆಯಲ್ಲಿ ದಾರಿ ಗುರುತಿಸಿ, ಊಟ ಎಲ್ಲಿ, ಶೌಚಾಲಯ ಎಲ್ಲಿ, ಎಷ್ಟು ದೂರ ನಡೆಯಬೇಕು ಎಂದು ಮಕ್ಕಳಿಗೆ ಮೊದಲೇ ಹೇಳಿದರೆ ಅವರು ಅಲ್ಲಿ ಕಲ್ಲಿನ ರಥವನ್ನು ನಿಂತು ನೋಡುತ್ತಾರೆ. ಗುಂಪಿಗೆ ಒಂದೊಂದು ಪ್ರಶ್ನೆ ಹಂಚಿದ್ದರೆ ಇನ್ನೂ ಒಳ್ಳೆಯದು. ಬಂದ ಮರುದಿನ ಆ ಪ್ರಶ್ನೆಗಳಿಗೆ ಉತ್ತರ ಕೇಳದೆ ಬಿಟ್ಟರೆ ಮಾಡಿದ್ದರಲ್ಲಿ ಅರ್ಧ ಹೋಯಿತು ಎಂದೇ ಲೆಕ್ಕ.

ಬಸ್ಸು, ಹಣ, ಸುರಕ್ಷತೆ

ಡಿಸೆಂಬರ್ ಬಂತೆಂದರೆ ಕರ್ನಾಟಕದ ರಸ್ತೆಗಳಲ್ಲಿ ಶಾಲಾ ಪ್ರವಾಸದ ಸಾರಿಗೆ ಬಸ್ಸುಗಳ ಸಾಲು. ಹಿಂದಿನ ರಾತ್ರಿ ನಿದ್ದೆ ಬಾರದ ಮಕ್ಕಳು, ನಸುಕಿನಲ್ಲೇ ಚಿತ್ರಾನ್ನದ ಬುತ್ತಿ ಕಟ್ಟಿಕೊಂಡು ಬಂದ ಅಮ್ಮಂದಿರು, ಹಾಜರಾತಿ ಪಟ್ಟಿ ಹಿಡಿದು ತಲೆ ಎಣಿಸುವ ಮೇಷ್ಟ್ರು. ಊರ ಗಡಿ ದಾಟಿರದ ಮಗುವಿಗೆ ಮೊದಲ ಬಾರಿ ಕಡಲು ಕಾಣುವುದು ಇಂಥ ಪ್ರವಾಸದಲ್ಲೇ. ಆ ಸಂತೋಷಕ್ಕೆ ಪಾಠದ ನೆಪವೂ ಬೇಕಿಲ್ಲ. ಆದರೆ ಎರಡು ದಿನದಲ್ಲಿ ಹತ್ತು ಸ್ಥಳ ಮುಗಿಸುವ ಆತುರದಲ್ಲಿ ಬೇಲೂರಿನ ಶಿಲ್ಪಗಳ ಮುಂದೆ ಮಕ್ಕಳಿಗೆ ಸಿಗುವುದು ಕಾಲು ಗಂಟೆ. ಸ್ಥಳಗಳನ್ನು ಅರ್ಧಕ್ಕೆ ಇಳಿಸುವುದೇ ಇದಕ್ಕೆ ದಾರಿ.

ಆತುರ ಮತ್ತು ಅಲಕ್ಷ್ಯ ಜೀವವನ್ನೂ ತೆಗೆದಿವೆ. 2024ರ ಜನವರಿ 18ರಂದು ಗುಜರಾತಿನ ವಡೋದರದ ಹರಣಿ ಕೆರೆಯಲ್ಲಿ ಮಿತಿಮೀರಿ ಜನರನ್ನು ತುಂಬಿದ್ದ ದೋಣಿ ಮಗುಚಿ, ಶಾಲಾ ಪ್ರವಾಸಕ್ಕೆ ಬಂದಿದ್ದ 12 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ತೀರಿಕೊಂಡರು. ಎಲ್ಲರಿಗೂ ಲೈಫ್ ಜಾಕೆಟ್ ಹಾಕಿರಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಿಗಿಳಿದ ಕೋಲಾರ ಜಿಲ್ಲೆಯ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಅಲೆಗೆ ಸಿಕ್ಕಿ ಮುಳುಗಿದರು. ಪೋಷಕರ ಒಪ್ಪಿಗೆ ಪತ್ರ, ಇಲಾಖೆಯ ಅನುಮತಿ, ಹೆಣ್ಣುಮಕ್ಕಳಿದ್ದರೆ ಶಿಕ್ಷಕಿಯರು, ಔಷಧದ ಪೆಟ್ಟಿಗೆ ಇವೆಲ್ಲ ಕಡ್ಡಾಯ ಎಂದು ಶಾಲೆಗಳಿಗೆ ಗೊತ್ತು. ನೀರಿನ ಬಳಿ ಮಾತ್ರ ಇನ್ನೂ ಬಿಗಿಯಾಗಿರಬೇಕು: ಕಡಲಿಗೆ, ಹೊಳೆಗೆ, ಜಲಪಾತಕ್ಕೆ ಮಕ್ಕಳನ್ನು ಇಳಿಸಲೇಬಾರದು, ಲೈಫ್ ಜಾಕೆಟ್ ಇಲ್ಲದೆ ಒಂದು ಮಗುವನ್ನೂ ದೋಣಿಗೆ ಹತ್ತಿಸಬಾರದು.

ಇನ್ನು ಹಣದ ಮಾತು. ತರಗತಿಯ ಎಲ್ಲರೂ ಟೂರಿಗೆ ಹೋದಾಗ ಕೂಲಿ ಮಾಡುವವರ ಮನೆಯ ಎರಡು ಮೂರು ಮಕ್ಕಳು ಉಳಿದುಹೋಗುವುದು ಪ್ರತಿ ಶಾಲೆಯಲ್ಲೂ ನಡೆಯುತ್ತದೆ. ಅನೇಕ ಶಿಕ್ಷಕರು ತಮ್ಮ ಜೇಬಿನಿಂದ ಅಂಥ ಮಕ್ಕಳ ಪಾಲು ಕಟ್ಟಿ ಕರೆದೊಯ್ದಿದ್ದಾರೆ. ಕೆಲವೆಡೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ಹಳೆಯ ವಿದ್ಯಾರ್ಥಿಗಳು ಕೈಜೋಡಿಸುತ್ತಾರೆ. ಸರ್ಕಾರಿ ಶಾಲೆಯ ಮಕ್ಕಳಿಗಾಗಿ ‘ಕರ್ನಾಟಕ ದರ್ಶನ’, ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’ದಂಥ ಉಚಿತ ಯೋಜನೆಗಳಿವೆ, ಆದರೆ ಅವುಗಳಲ್ಲಿ ಸ್ಥಾನ ಸಿಗುವುದು ಕೆಲವು ಮಕ್ಕಳಿಗೆ ಮಾತ್ರ. ಗಾಲಿಕುರ್ಚಿಯ ಮಗುವಿಗೆ ಹತ್ತಲಾಗುವ ಬಸ್ಸು, ಕಣ್ಣು ಕಾಣದ ಮಗುವಿಗೆ ಮುಟ್ಟಿ ತಿಳಿಯಲು ಅವಕಾಶವಿರುವ ಸಂಗ್ರಹಾಲಯ ಇನ್ನೂ ವಿರಳ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಗೆ ಹತ್ತು ಬ್ಯಾಗ್‌ರಹಿತ ದಿನಗಳನ್ನು ಸೂಚಿಸಿದೆ. ಕರ್ನಾಟಕದ ಶಾಲೆಗಳಲ್ಲಿ ತಿಂಗಳ ಮೂರನೇ ಶನಿವಾರ ಬ್ಯಾಗಿಲ್ಲದ ‘ಸಂಭ್ರಮ ಶನಿವಾರ’ವಾಗಿದೆ. ಸಂತೆ, ಅಂಚೆ ಕಚೇರಿ, ಕೆರೆ ಏರಿಯ ನಡಿಗೆಗಳನ್ನು ಆ ಶನಿವಾರಗಳಿಗೆ ಹೊಂದಿಸಿಕೊಂಡ ಶಾಲೆಯಲ್ಲಿ ಒಂದು ಮಗುವೂ ಹಣವಿಲ್ಲದೆ ಹಿಂದುಳಿಯಬೇಕಾಗಿಲ್ಲ.